ತಾರೀಖಿಲ್ಲದ ವಾಸ

ಹಗಲೂ ರಾತ್ರಿ ಕಾವಲು ಹಾಕಿ, ಜೊತೆಗೊಬ್ಬರಿಲ್ಲದೆ ಹೊಸ್ತಿಲು ದಾಟಲು ಬಿಡಬೇಡಿ, ಆದರೆ ಆಸ್ಪತ್ರೆಯಿಂದ ಹೊರಗೆ ಕಳಿಸಿ. ಇಷ್ಟನ್ನು ಕೇಳಿಕೊಂಡು ಒಬ್ಬ ಮನುಷ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋದ. ಕೋರ್ಟಿನ ಕಾಗದಗಳಲ್ಲಿ ಅವನಿಗಿರುವ ಹೆಸರು ಬರೀ ಎರಡಕ್ಷರದ್ದು: ಎಂಎಂ. ಅವನಿಗೆ ಅಲ್ಪ ಪ್ರಮಾಣದ ಬೌದ್ಧಿಕ ನ್ಯೂನತೆ ಇತ್ತು, ಆಟಿಸಂ ಇತ್ತು, ಬೆಂಕಿ ಹಚ್ಚುವ ಗೀಳೂ ಇತ್ತು. 2001ರಲ್ಲಿ ಬೆಂಕಿ ಹಚ್ಚಿದ ಅಪರಾಧ ಸಾಬೀತಾದಾಗ ನ್ಯಾಯಾಲಯ ಅವನನ್ನು ಜೈಲಿಗಲ್ಲ, ಆಸ್ಪತ್ರೆಗೆ ಕಳಿಸಿತು. ನಡುವೆ ಕೆಲವು ತಿಂಗಳು ಷರತ್ತಿನ ಮೇಲೆ ಹೊರಗಿದ್ದ, ಮತ್ತೆ ಒಳಕ್ಕೆ ಬಂದ. 2018ರ ನವೆಂಬರ್‌ನಲ್ಲಿ ಅವನ ಅರ್ಜಿಯ ತೀರ್ಪು ಬಂತು. ಷರತ್ತಿನ ಬಿಡುಗಡೆ ಎಂದ ಮೇಲೆ ಅದು ಬಿಡುಗಡೆಯೇ ಆಗಿರಬೇಕು, ಹೊರಗೂ ಬಂಧನದಂತೆಯೇ ಇರಿಸುವ ಷರತ್ತು ಹಾಕಲು 1983ರ ಮಾನಸಿಕ ಆರೋಗ್ಯ ಕಾಯ್ದೆ ಯಾರಿಗೂ ಅಧಿಕಾರ ಕೊಟ್ಟಿಲ್ಲ, ರೋಗಿ ತಾನೇ ಒಪ್ಪಿದರೂ ಕೊಟ್ಟಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು ಮಾತ್ರ ಒಪ್ಪಲಿಲ್ಲ. ವ್ಯಕ್ತಿಸ್ವಾತಂತ್ರ್ಯವನ್ನು ಎತ್ತಿಹಿಡಿದ ತೀರ್ಪು ಅದು. ಅದರ ಫಲವಾಗಿ ಎಂಎಂ ಕೇಳಿದ್ದ ಬಾಗಿಲು ಮುಚ್ಚಿತು.

ವಿಚಿತ್ರ ಅನ್ನಿಸಬಹುದು. ಆದರೆ ಇಂಗ್ಲೆಂಡಿನಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಗಂಡಸರಿಗೆಂದೇ ಇರುವ ಬೀಗದ ಆಸ್ಪತ್ರೆಗಳ ಒಳಹೊಕ್ಕವರಿಗೆ ಇದು ವಿಚಿತ್ರವೇನಲ್ಲ. ಅಲ್ಲಿಗೆ ಹೋಗುವ ದಾರಿ ಕಾನೂನಿನ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಬರುವ ದಾರಿ ಹಾಗಿಲ್ಲ.

ಮೊದಲು ಅಲ್ಲಿರುವವರು ಯಾರು ಎಂಬುದನ್ನು ನೋಡೋಣ. ಬ್ರಿಟನ್ನಿನಲ್ಲಿ ಲರ್ನಿಂಗ್ ಡಿಸಬಿಲಿಟಿ ಅಂದರೆ ನಮ್ಮ ಶಾಲೆಗಳಲ್ಲಿ ಚರ್ಚೆಯಾಗುವ ಡಿಸ್ಲೆಕ್ಸಿಯಾ ಅಲ್ಲ. ಬಾಲ್ಯದಿಂದಲೇ ಇರುವ ಬೌದ್ಧಿಕ ನ್ಯೂನತೆ ಅದು: ಐಕ್ಯೂ ಸಾಮಾನ್ಯವಾಗಿ 70ಕ್ಕಿಂತ ಕೆಳಗೆ, ದಿನನಿತ್ಯದ ವ್ಯವಹಾರಕ್ಕೆ ಇನ್ನೊಬ್ಬರ ನೆರವು ಬೇಕು. ಸೆಕ್ಯೂರ್ ಯೂನಿಟ್‌ಗಳಲ್ಲಿರುವ ಗಂಡಸರಲ್ಲಿ ಹೆಚ್ಚಿನವರ ನ್ಯೂನತೆ ಅಲ್ಪ ಪ್ರಮಾಣದ್ದು. ಬಸ್ಸು ಹತ್ತಬಲ್ಲರು, ಫುಟ್‌ಬಾಲ್ ತಂಡದ ಆಟಗಾರರ ಹೆಸರು ಪಟಪಟನೆ ಹೇಳಬಲ್ಲರು. ಆದರೆ ಪೊಲೀಸರ ಪ್ರಶ್ನೆಯ ಸುಳಿ ಅರ್ಥವಾಗದು, ಕೋರ್ಟಿನ ಪತ್ರ ಓದಲು ಬಾರದು, ಗೊತ್ತಿಲ್ಲ ಅನ್ನುವುದಕ್ಕೆ ನಾಚಿಕೆಪಟ್ಟು ಹೂಂ ಅಂದುಬಿಡುತ್ತಾರೆ. ಹಲ್ಲೆ, ಬೆಂಕಿ ಹಚ್ಚುವುದು, ಲೈಂಗಿಕ ಅಪರಾಧ ಇವೇ ಮುಖ್ಯವಾಗಿ ಅವರನ್ನು ಅಲ್ಲಿಗೆ ತಂದ ಪ್ರಕರಣಗಳು. ಇವು ಸಣ್ಣ ತಪ್ಪುಗಳಲ್ಲ. ನೊಂದವರೂ ಇದ್ದಾರೆ. ಇವರೆಲ್ಲ ಏನೂ ಮಾಡದ ಮುಗ್ಧರು ಎಂದು ಬರೆದುಬಿಡುವುದು ಸುಲಭ, ಆದರೆ ಅದು ಸುಳ್ಳಾಗುತ್ತದೆ.

ಇಂಥವರನ್ನು ಜೈಲಿಗೆ ದೂಡಿದರೆ ಏನಾಗುತ್ತದೆ ಎಂಬುದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಮಾನಸಿಕ ಕಾಯಿಲೆ ಮತ್ತು ಬೌದ್ಧಿಕ ನ್ಯೂನತೆ ಇರುವವರನ್ನು ಅಪರಾಧ ನ್ಯಾಯ ವ್ಯವಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂದು ಲಾರ್ಡ್ ಬ್ರಾಡ್ಲಿ 2009ರಲ್ಲಿ ವರದಿ ಕೊಟ್ಟರು. ಆ ಬಳಿಕ ಪೊಲೀಸ್ ಠಾಣೆ, ಕೋರ್ಟುಗಳಲ್ಲೇ ಇಂಥವರನ್ನು ಗುರುತಿಸುವ ವ್ಯವಸ್ಥೆಗೆ ಬಲ ಬಂತು. 1983ರ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಕೋರ್ಟು ಶಿಕ್ಷೆಯ ಬದಲು ಆಸ್ಪತ್ರೆಗೆ ಕಳಿಸುವ ಆದೇಶ ಕೊಡಬಹುದು. ಜನರಿಗೆ ಗಂಭೀರ ಹಾನಿಯಾಗುವ ಭಯವಿದ್ದರೆ ಕ್ರೌನ್ ಕೋರ್ಟು ಅದಕ್ಕೆ 41ನೇ ಸೆಕ್ಷನ್ನಿನ ನಿರ್ಬಂಧ ಸೇರಿಸುತ್ತದೆ. ಆಮೇಲೆ ವೈದ್ಯರು ತಾವಾಗಿಯೇ ಬಿಡುಗಡೆ ಮಾಡುವಂತಿಲ್ಲ. ನ್ಯಾಯಾಂಗ ಸಚಿವರು ಒಪ್ಪಬೇಕು, ಇಲ್ಲವೇ ಟ್ರಿಬ್ಯೂನಲ್ ಹೇಳಬೇಕು. ವಾರ್ಡಿನ ಮಾತಿನಲ್ಲಿ ಇದು ‘ಥರ್ಟಿ ಸೆವೆನ್ ಫಾರ್ಟಿ ಒನ್’. ನೀನು ಯಾವುದರಲ್ಲಿದ್ದೀಯ ಎಂದು ಹೊಸಬನನ್ನು ಹಳಬ ಕೇಳುವುದು ಈ ಅಂಕಿಗಳಲ್ಲೇ.

ಶಿಕ್ಷೆ ಅನುಭವಿಸುತ್ತಿರುವಾಗ ಜೈಲಿನಿಂದಲೇ ಆಸ್ಪತ್ರೆಗೆ ಬಂದವರ ಕತೆ ಇನ್ನೊಂದು ಬಗೆ. ಅವರ ಶಿಕ್ಷೆಗೆ ಒಂದು ಕೊನೆಯ ದಿನ ಇರುತ್ತದೆ. ಆ ದಿನ ಬರುತ್ತದೆ, ಹೋಗುತ್ತದೆ. ಚಿಕಿತ್ಸೆ ಇನ್ನೂ ಬೇಕು ಎಂದು ವೈದ್ಯರು ತೀರ್ಮಾನಿಸಿದ್ದರೆ ಮರುದಿನ ಬೆಳಿಗ್ಗೆಯೂ ಅವನು ಅದೇ ಹಾಸಿಗೆಯಲ್ಲಿ ಏಳುತ್ತಾನೆ. ಕಾಗದದಲ್ಲಿ ಸೆಕ್ಷನ್ನಿನ ಹೆಸರು ಮಾತ್ರ ಬದಲಾಗಿರುತ್ತದೆ. ಜೊತೆಯಲ್ಲೇ ಜೈಲಿಗೆ ಹೋದ ಗೆಳೆಯ ಶಿಕ್ಷೆ ಮುಗಿಸಿ ಮನೆಗೆ ಹೋಗಿರುತ್ತಾನೆ. ಇದನ್ನು ಬೌದ್ಧಿಕ ನ್ಯೂನತೆ ಇರುವವನಿಗೆ ವಿವರಿಸಿ ಹೇಳುವುದಿರಲಿ, ಇಲ್ಲದವನಿಗೂ ವಿವರಿಸುವುದು ಕಷ್ಟ.

ಇಂಥ ಆಸ್ಪತ್ರೆಗಳಲ್ಲಿ ಭದ್ರತೆಗೆ ಮೂರು ಹಂತಗಳಿವೆ. ಅತಿ ಹೆಚ್ಚಿನ ಭದ್ರತೆಯವು ಇಂಗ್ಲೆಂಡಿನಲ್ಲಿ ಮೂರೇ: ಬ್ರಾಡ್‌ಮೂರ್, ಆ್ಯಶ್‌ವರ್ತ್, ರ್‍ಯಾಂಪ್ಟನ್. ಬೌದ್ಧಿಕ ನ್ಯೂನತೆಯುಳ್ಳ ಗಂಡಸರಿಗೆ ಈ ಹಂತದಲ್ಲಿ ಇಡೀ ದೇಶಕ್ಕೆ ಇರುವ ಸೇವೆ ನಾಟಿಂಗ್‌ಹ್ಯಾಮ್‌ಶೈರ್‌ನ ರ್‍ಯಾಂಪ್ಟನ್‌ನಲ್ಲಿ. ಹಳ್ಳಿಗಾಡಿನ ನಡುವೆ 1912ರಲ್ಲಿ ಶುರುವಾದ ಆಸ್ಪತ್ರೆ ಅದು. ಅದರ ಕೆಳಗೆ ಮಧ್ಯಮ ಭದ್ರತೆಯ ಯೂನಿಟ್‌ಗಳು, ಅವುಗಳ ಬೇಲಿ 5.2 ಮೀಟರ್ ಎತ್ತರ. ಅದಕ್ಕೂ ಕೆಳಗೆ ಕಡಿಮೆ ಭದ್ರತೆಯವು, ಬೇಲಿ 3 ಮೀಟರ್. ರೋಗಿ ಎತ್ತರದ ಬೇಲಿಯಿಂದ ಗಿಡ್ಡ ಬೇಲಿಗೆ, ಅಲ್ಲಿಂದ ಊರಿಗೆ ಇಳಿಯುತ್ತಾ ಬರಬೇಕು ಎಂಬುದು ಲೆಕ್ಕಾಚಾರ. ಕೆಲವರು ಇಳಿಯುತ್ತಾರೆ, ಎಡವಿದವರು ಮತ್ತೆ ಮೇಲಕ್ಕೆ.

ಒಳಗೆ ಹೋಗುವಾಗ ಮೊದಲು ಸಿಗುವುದು ಏರ್‌ಲಾಕ್. ಎರಡು ಬಾಗಿಲು, ನಡುವೆ ಪುಟ್ಟ ಜಾಗ. ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ನೋಡಲು ಬಂದ ತಾಯಿಯಾಗಲಿ, ಅಣ್ಣನಾಗಲಿ ಫೋನು, ಲೈಟರು, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಲಾಕರ್‌ನಲ್ಲಿಡಬೇಕು. ಚೂಯಿಂಗ್ ಗಮ್ ಕೂಡ ಬಿಡುವುದಿಲ್ಲ, ಬೀಗದ ಅಚ್ಚು ತೆಗೆಯಬಹುದು, ಬೀಗ ಕೆಡಿಸಬಹುದು ಎಂಬ ಕಾರಣಕ್ಕೆ. ತಂತಿ ಸುರುಳಿಯ ನೋಟ್‌ಬುಕ್ಕೂ ನಿಷಿದ್ಧ. ಸಿಬ್ಬಂದಿಯ ಕೀಲಿಗಳು ಸೊಂಟದ ಪಟ್ಟಿಗೆ ಸರಪಳಿಯಲ್ಲಿ, ಬಳಸದಿದ್ದಾಗ ಕಣ್ಣಿಗೆ ಬೀಳದಂತೆ ಚೀಲದೊಳಗೆ. ಜೊತೆಗೊಂದು ಅಲಾರಂ. ಅದು ಒಮ್ಮೆ ಕೂಗಿದರೆ ಬೇರೆ ವಾರ್ಡಿನವರೂ ಓಡಿ ಬರುತ್ತಾರೆ. ಶಬ್ದ ತಡೆಯಲಾಗದ ಆಟಿಸಂ ಇರುವವನಿಗೆ ಆ ಕೂಗೇ ಸಾಕು, ಅವನೂ ಕೆರಳಿ ಇನ್ನೊಂದು ಅಲಾರಂಗೆ ಕಾರಣನಾಗುತ್ತಾನೆ.

ಒಂದೊಂದು ವಾರ್ಡಿನಲ್ಲಿ ಹತ್ತು ಹದಿನೈದು ಮಂದಿ. ಪ್ರತಿಯೊಬ್ಬನಿಗೂ ಸ್ವಂತ ಕೋಣೆ. ಊಟದ ಬಳಿಕ ಚಮಚ, ಚಾಕುಗಳನ್ನು ಎಣಿಸುತ್ತಾರೆ. ಲೆಕ್ಕ ಸರಿಹೋಗುವ ತನಕ ಯಾರೂ ಏಳುವಂತಿಲ್ಲ. ತನಗೋ ಇತರರಿಗೋ ಅಪಾಯ ತರಬಹುದಾದವನ ಹಿಂದೆ ಸದಾ ಒಬ್ಬ ಸಿಬ್ಬಂದಿ, ಕೈಗೆಟುಕುವಷ್ಟು ಹತ್ತಿರದಲ್ಲಿ, ಬಚ್ಚಲುಮನೆಯ ಬಾಗಿಲ ತನಕವೂ. ಕಾವಲಿನಲ್ಲಿರುವವನಿಗೆ ಮಾತ್ರವಲ್ಲ, ಕಾಯುವವರಿಗೂ ಇದು ಸುಸ್ತು. ವಾರಕ್ಕೆ ಕನಿಷ್ಠ 25 ಗಂಟೆಯ ಚಟುವಟಿಕೆ ಒದಗಿಸಬೇಕೆಂಬ ನಿಯಮವಿದೆ: ಅಡುಗೆ, ತೋಟ, ಜಿಮ್, ಓದು-ಲೆಕ್ಕ, ಚಿಕಿತ್ಸೆಯ ಗುಂಪುಗಳು. ಸಿಬ್ಬಂದಿ ಸಾಕಷ್ಟಿದ್ದ ದಿನ ಇವು ನಡೆಯುತ್ತವೆ. ಇಲ್ಲದ ದಿನ ಟೀವಿ. ಗುಳಿಗೆಗಳ ಪರಿಣಾಮ, ಓಡಾಟದ ಕೊರತೆ, ಟಕ್ ಶಾಪಿನ ಕೋಲಾ-ಚಿಪ್ಸ್ ಸೇರಿ ಹೊಟ್ಟೆ ಬೆಳೆಯುವುದು ಈ ಯೂನಿಟ್‌ಗಳ ಹಳೇ ತಲೆನೋವು.

ಎಲ್ಲರೂ ಕಾಯುವುದು ‘ಲೀವ್’ಗಾಗಿ. 17ನೇ ಸೆಕ್ಷನ್ ಪ್ರಕಾರ ವೈದ್ಯರು ಹೊರಗೆ ಹೋಗಲು ಅನುಮತಿ ಕೊಡಬಹುದು. 41ರ ನಿರ್ಬಂಧವಿದ್ದವನಿಗೆ ನ್ಯಾಯಾಂಗ ಸಚಿವಾಲಯದ ಒಪ್ಪಿಗೆಯೂ ಬೇಕು. ಮೊದಲು ಆವರಣದೊಳಗೆ ಒಂದು ಸುತ್ತು, ಆಮೇಲೆ ಇಬ್ಬರು ಸಿಬ್ಬಂದಿಯೊಂದಿಗೆ ಊರಿನ ಅಂಗಡಿಗೆ, ಆಮೇಲೆ ಒಬ್ಬರೊಂದಿಗೆ, ಎಷ್ಟೋ ಕಾಲದ ಬಳಿಕ ಒಬ್ಬನೇ. ಅಂಗಡಿಗೆ ಹೊರಡುವ ಮುಂಚೆ ನರ್ಸ್ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ ಬರೆದುಕೊಳ್ಳುತ್ತಾರೆ: ನೀಲಿ ಜಾಕೆಟ್, ಬೂದು ಬಣ್ಣದ ಪ್ಯಾಂಟು, ಬಿಳಿ ಶೂ. ತಪ್ಪಿಸಿಕೊಂಡರೆ ಪೊಲೀಸರಿಗೆ ಕೊಡಲು ಆ ಗುರುತು. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಜೊತೆ, ವಾಪಸು ಎಷ್ಟಕ್ಕೆ ಎಂಬುದೂ ಪುಸ್ತಕದಲ್ಲಿ. ಹೊರಡುವ ಹೊತ್ತಿಗೆ ಬೇರೆ ವಾರ್ಡಿನಲ್ಲಿ ಅಲಾರಂ ಆಯಿತೋ, ಕರೆದೊಯ್ಯಬೇಕಾದ ಸಿಬ್ಬಂದಿ ಅತ್ತ ಓಡುತ್ತಾರೆ. ಲೀವ್ ರದ್ದು. ಬೆಳಗಿನಿಂದ ಶೂ ಹಾಕಿಕೊಂಡು ಕೂತವನು ಆಗ ಬಾಗಿಲಿಗೆ ಒದ್ದರೆ ಅದೂ ಫೈಲಿಗೆ ಹೋಗುತ್ತದೆ: ನಿರಾಶೆಯನ್ನು ನಿಭಾಯಿಸಲಾರ. ಆ ಸಾಲು ಮುಂದಿನ ಸಭೆಯಲ್ಲಿ ಓದಲ್ಪಡುತ್ತದೆ. ಲೀವ್ ರದ್ದಾದದ್ದೇಕೆ ಎಂಬ ಸಾಲು ಅದರ ಪಕ್ಕದಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ.

ಹಾಗಂತ ಅಲ್ಲಿ ನಡೆಯುವುದೆಲ್ಲ ಬರೀ ಕಾವಲು ಎಂದೂ ಅಲ್ಲ. ಬ್ರಿಟನ್ನಿನಲ್ಲಿ ಬೌದ್ಧಿಕ ನ್ಯೂನತೆಯ ನರ್ಸಿಂಗ್ ಒಂದು ಪ್ರತ್ಯೇಕ ಪದವಿ, ಪ್ರತ್ಯೇಕ ನೋಂದಣಿ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತು ಅಲ್ಲಿಗೆ ಹೋದವರಿಗೆ ಈ ವಿಭಾಗ ಹೊಸದು, ಏಕೆಂದರೆ ನಮ್ಮಲ್ಲಿ ಅದು ಬೇರೆ ಶಾಖೆಯಾಗಿ ಇಲ್ಲ. ಚಿಕಿತ್ಸೆಯನ್ನೂ ಇವರಿಗೆ ತಕ್ಕಂತೆ ಹೊಸದಾಗಿ ಕಟ್ಟಬೇಕಾಗಿದೆ. ಲೈಂಗಿಕ ಅಪರಾಧ ಎಸಗಿದ ಬೌದ್ಧಿಕ ನ್ಯೂನತೆಯ ಗಂಡಸರಿಗಾಗಿ ಗ್ಲಿನಿಸ್ ಮರ್ಫಿ ಮತ್ತು ಸಂಗಡಿಗರು ರೂಪಿಸಿದ ಸೊಟ್ಸೆಕ್-ಐಡಿ ಎಂಬ ಕಾರ್ಯಕ್ರಮ ವಾರಕ್ಕೊಮ್ಮೆ ಎರಡು ಗಂಟೆಯಂತೆ ಸುಮಾರು ಒಂದು ವರ್ಷ ನಡೆಯುತ್ತದೆ. ಉದ್ದುದ್ದ ಉಪನ್ಯಾಸ ಇಲ್ಲ, ಚಿತ್ರಗಳಿವೆ, ಪಾತ್ರ ಮಾಡಿ ತೋರಿಸುವುದಿದೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದಿದೆ. ಒಪ್ಪಿಗೆ ಎಂದರೇನು, ತಾನು ಮಾಡಿದ್ದರಿಂದ ಎದುರಿನವರಿಗೆ ಏನಾಯಿತು ಎಂಬುದನ್ನು ಕೆಲವರು ಬದುಕಿನಲ್ಲಿ ಮೊದಲ ಸಲ ಕೇಳಿಸಿಕೊಳ್ಳುವುದು ಅಲ್ಲಿ. ಇವರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ತಾವೇ ಇಂಥ ದೌರ್ಜನ್ಯಕ್ಕೆ ಒಳಗಾದವರು. ಅದನ್ನೂ ಮೊದಲ ಸಲ ಯಾರಿಗಾದರೂ ಹೇಳುವುದು ಅಲ್ಲೇ.

ಮನೋವೈದ್ಯೆ ಶೀಲಾ ಹಾಲಿನ್ಸ್ ಅವರಿಗೆ ಬೌದ್ಧಿಕ ನ್ಯೂನತೆಯ ಮಗನಿದ್ದಾನೆ. ಅಕ್ಷರವೇ ಇಲ್ಲದ ಚಿತ್ರಪುಸ್ತಕಗಳ ಒಂದು ದೊಡ್ಡ ಮಾಲೆಯನ್ನು ಅವರು ಹೊರತಂದಿದ್ದಾರೆ. ಪೊಲೀಸರು ಬಂಧಿಸಿದಾಗ ಏನಾಗುತ್ತದೆ, ಕೋರ್ಟಿನಲ್ಲಿ ಯಾರು ಎಲ್ಲಿ ಕೂತಿರುತ್ತಾರೆ, ಜೈಲಿನೊಳಗೆ ಹೇಗಿರುತ್ತದೆ ಎಂಬುದಕ್ಕೂ ಅದರಲ್ಲಿ ಪುಸ್ತಕಗಳಿವೆ. ಪುಟ ತಿರುವುತ್ತಾ ಕತೆಯನ್ನು ಓದುಗನೇ ಹೇಳಬೇಕು. ವಕೀಲರಿಗೆ ಹೇಳದ ಸಂಗತಿಗಳು ಆಗ ಬಾಯಿಗೆ ಬರುವುದುಂಟು.

ಗುಳಿಗೆಗಳ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಚೆನ್ನಾಗಿಲ್ಲ. ಸರ್ಕಾರದ ಆರೋಗ್ಯ ಸಂಸ್ಥೆಯೇ 2015ರಲ್ಲಿ ಮಾಡಿದ ಅಂದಾಜಿನಂತೆ ಇಂಗ್ಲೆಂಡಿನಲ್ಲಿ ಬೌದ್ಧಿಕ ನ್ಯೂನತೆಯ 30,000ದಿಂದ 35,000 ವಯಸ್ಕರು, ತಕ್ಕ ಕಾಯಿಲೆಯೇ ಇಲ್ಲದಿದ್ದರೂ ದಿನಾಲೂ ಮನೋರೋಗದ ಔಷಧಿ ನುಂಗುತ್ತಿದ್ದರು. ಬಹುಪಾಲು ಮಂದಿ ಆಸ್ಪತ್ರೆಯ ಹೊರಗಿದ್ದವರೇ. ಗಲಾಟೆ ಮಾಡುತ್ತಾನೆ, ಕೊಡಿ ಒಂದು ಗುಳಿಗೆ ಎಂಬ ರೂಢಿ ಅದು. ಮರುವರ್ಷ ‘ಸ್ಟಾಂಪ್’ ಎಂಬ ಹೆಸರಿನಲ್ಲಿ ಇದನ್ನು ತಗ್ಗಿಸುವ ಅಭಿಯಾನ ಶುರುವಾಯಿತು.

ಕೆಟ್ಟ ದಿನಗಳಿಗೆಂದೇ ಒಂದು ಕೋಣೆ ಇದೆ. ದಪ್ಪ ಹಾಸು, ಒಡೆಯದ ಗಾಜು, ಹೊರಗೊಬ್ಬರು ನೋಡುತ್ತಾ ಕೂತಿರುತ್ತಾರೆ. ಎರಡು ಗಂಟೆಗೊಮ್ಮೆ ನರ್ಸ್‌ಗಳು, ಶುರುವಿನಲ್ಲಿ ನಾಲ್ಕು ಗಂಟೆಗೊಮ್ಮೆ ವೈದ್ಯರು ಬಂದು ಇನ್ನೂ ಇಲ್ಲಿಡಬೇಕೇ ಎಂದು ಪರಿಶೀಲಿಸಬೇಕು. ಇದು ಸ್ವಲ್ಪ ಹೊತ್ತಿನದು. ಆದರೆ ಕೆಲವರನ್ನು ಉಳಿದ ರೋಗಿಗಳಿಂದ ಬೇರ್ಪಡಿಸಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಪ್ರತ್ಯೇಕವಾಗಿ ಇಟ್ಟದ್ದಿದೆ. ಇಂಥವರನ್ನು ಒಬ್ಬೊಬ್ಬರಾಗಿ ಕಂಡು ಬಂದ ಸಮಿತಿಯ ಅಧ್ಯಕ್ಷರೂ ಹಾಲಿನ್ಸ್ ಅವರೇ. 2023ರ ನವೆಂಬರ್‌ನಲ್ಲಿ ಹೊರಬಂದ ಅವರ ವರದಿ ಇದನ್ನು ಏಕಾಂತ ಸೆರೆವಾಸ ಎಂದೇ ಕರೆಯಿತು, ಚಿಕಿತ್ಸೆಯ ದೃಷ್ಟಿಯಿಂದ ಇದರಿಂದ ಪ್ರಯೋಜನವಿಲ್ಲ ಎಂದಿತು.

ಈ ಇತಿಹಾಸ ಹಳೆಯದು. 1913ರ ಕಾನೂನು ಇಂಥವರಿಗೆ ಇಟ್ಟಿದ್ದ ಹೆಸರುಗಳು ಇಂದು ಬೈಗುಳಗಳಾಗಿವೆ. ಸಣ್ಣ ಕಾರಣಕ್ಕೆ ಒಳಗೆ ಹೋದವರು ದಶಕಗಳ ಕಾಲ ಉಳಿದರು. 1951ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯೊಂದು 50,000 ಮಂದಿ ಕಾನೂನಿನ ಆಚೆ ಇದ್ದಾರೆ ಎಂದು ಕಿರುಹೊತ್ತಗೆ ಹೊರಡಿಸಿತು. 1959ರಲ್ಲಿ ಆ ಕಾನೂನು ಹೋಯಿತು. 1979ರಲ್ಲಿ ರ್‍ಯಾಂಪ್ಟನ್ ಒಳಗಿನ ಹೊಡೆತ-ಬಡಿತವನ್ನು ಯಾರ್ಕ್‌ಶೈರ್ ಟೆಲಿವಿಷನ್ ಹೊರಗೆಳೆಯಿತು, ತನಿಖೆಯಾಯಿತು. ಮೂರು ದಶಕದ ಬಳಿಕ, 2011ರ ಮೇ 31ರ ರಾತ್ರಿ, ಬಿಬಿಸಿಯ ಪನೋರಮಾ ಕಾರ್ಯಕ್ರಮ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಚಿತ್ರಿಸಿದ್ದನ್ನು ತೋರಿಸಿತು. ರೋಗಿಗಳನ್ನು ನೆಲಕ್ಕೆ ಕೆಡವಿ ಒತ್ತಿ ಹಿಡಿಯುತ್ತಿದ್ದರು, ಬಟ್ಟೆ ಸಮೇತ ತಣ್ಣೀರಿಗೆ ನೂಕುತ್ತಿದ್ದರು, ಛೇಡಿಸುತ್ತಿದ್ದರು. ಒಬ್ಬೊಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಸಾರ್ವಜನಿಕ ಹಣ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿನ ಹಿರಿಯ ನರ್ಸ್ ಟೆರಿ ಬ್ರಯನ್ ತಿಂಗಳುಗಳ ಹಿಂದೆಯೇ ದೂರು ಕೊಟ್ಟಿದ್ದರು. ಕೇಳುವವರಿರಲಿಲ್ಲ. ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಆರು ಮಂದಿ ಜೈಲಿಗೆ ಹೋದರು. ಅದು ಅಪರಾಧಿಗಳ ಸೆಕ್ಯೂರ್ ಯೂನಿಟ್ ಅಲ್ಲ, ಆದರೆ ಬೀಗ ಇತ್ತು, ದೂರ ಇತ್ತು, ನೋಡುವ ಹೊರಗಿನ ಕಣ್ಣು ಇರಲಿಲ್ಲ.

ಆ ಬಳಿಕ ಸರ್ಕಾರ ಕೊಟ್ಟ ಮಾತುಗಳಿಗೆ ಲೆಕ್ಕವಿಲ್ಲ. ಆಸ್ಪತ್ರೆಯಲ್ಲಿ ಇರಬೇಕಿಲ್ಲದವರನ್ನೆಲ್ಲ 2014ರ ಜೂನ್ ಒಳಗೆ ಊರಿಗೆ ಕಳಿಸುತ್ತೇವೆ ಎಂದರು, ಆಗಲಿಲ್ಲ. 2019ರೊಳಗೆ ಮೂರನೇ ಒಂದಕ್ಕಿಂತ ಹೆಚ್ಚು ಹಾಸಿಗೆ ಕಡಿಮೆ ಮಾಡುತ್ತೇವೆ ಎಂದರು, ಅದೂ ಆಗಲಿಲ್ಲ. 2024ರ ಮಾರ್ಚ್ ಹೊತ್ತಿಗೆ ಅರ್ಧಕ್ಕೆ ಇಳಿಸುತ್ತೇವೆ ಎಂಬ ಗುರಿಯೂ ತಪ್ಪಿತು. ಆಗಲೂ ಬೌದ್ಧಿಕ ನ್ಯೂನತೆ ಅಥವಾ ಆಟಿಸಂ ಇರುವ ಸುಮಾರು 2,000 ಮಂದಿ ಮಾನಸಿಕ ಆಸ್ಪತ್ರೆಗಳಲ್ಲಿದ್ದರು. ಲ್ಯಾಂಕಾಶೈರ್‌ನ ವಾಲಿ ಎಂಬ ಊರಿನಲ್ಲಿ ಬೌದ್ಧಿಕ ನ್ಯೂನತೆಗೆಂದೇ ಇದ್ದ ಕಾಲ್ಡರ್‌ಸ್ಟೋನ್ಸ್ ಎಂಬ ಹಳೆಯ ಆಸ್ಪತ್ರೆಯ ಆಡಳಿತ 2016ರಲ್ಲಿ ಮರ್ಸಿ ಕೇರ್ ಸಂಸ್ಥೆಗೆ ಸೇರಿತು. ಹಳೆಯ ಕಟ್ಟಡ ಬಿಟ್ಟು ಲಿವರ್‌ಪೂಲ್ ಬಳಿಯ ಮ್ಯಾಗಲ್‌ನಲ್ಲಿ 40 ಹಾಸಿಗೆಯ ಹೊಸ ಯೂನಿಟ್ ಕಟ್ಟಿದ್ದಾರೆ. ಹೊಸದು ಚೆನ್ನಾಗಿದೆ, ಸರಿ. ಕಟ್ಟಿದ್ದು ಆಸ್ಪತ್ರೆಯನ್ನೇ ಎಂಬುದನ್ನೂ ಗಮನಿಸಬೇಕು.

ಹೊರಗೆ ಬರಲು ಅಡ್ಡಿ ಏನು? ಅಪಾಯ ಇನ್ನೂ ಕಳೆದಿಲ್ಲ ಎಂಬುದು ಕೆಲವರ ವಿಷಯದಲ್ಲಿ ನಿಜ. ಎಷ್ಟೋ ಜನರ ವಿಷಯದಲ್ಲಿ ಅಡ್ಡಿ ಬಹಳ ಸಾದಾ: ಮನೆ ಇಲ್ಲ. ಸೆಕ್ಯೂರ್ ಹಾಸಿಗೆಯ ಖರ್ಚು ರಾಷ್ಟ್ರೀಯ ಆರೋಗ್ಯ ಸೇವೆಯದ್ದು. ಹೊರಗೆ ಬಂದರೆ ಮನೆ, ಸಹಾಯಕರು, ಆರೈಕೆಯ ಹೊಣೆಯಲ್ಲಿ ಸ್ಥಳೀಯ ಕೌನ್ಸಿಲ್‌ಗೂ ದೊಡ್ಡ ಪಾಲು. 117ನೇ ಸೆಕ್ಷನ್ ಇಬ್ಬರೂ ಸೇರಿ ನೋಡಿಕೊಳ್ಳಬೇಕೆನ್ನುತ್ತದೆ. ಯಾರ ಜೇಬಿನಿಂದ ಎಷ್ಟು ಎಂಬ ಜಗ್ಗಾಟದಲ್ಲಿ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಗೊತ್ತುಮಾಡಿದ್ದ ಮನೆ ಕೈತಪ್ಪುತ್ತದೆ, ಒಪ್ಪಿದ್ದ ಸಂಸ್ಥೆ ಸಿಬ್ಬಂದಿ ಸಿಗಲಿಲ್ಲವೆಂದು ಹಿಂದೆ ಸರಿಯುತ್ತದೆ. ಬ್ರೈಟನ್ ಮೂಲದ ಆಟಿಸಂ ಇರುವ ಒಬ್ಬ ಗಂಡಸು 2001ರಲ್ಲಿ ಆಸ್ಪತ್ರೆ ಸೇರಿದ. ಅಪರಾಧ ಏನೂ ಇಲ್ಲ. 2013ರಲ್ಲೇ ಕಳಿಸಬಹುದು ಎಂದು ವೈದ್ಯರು ಬರೆದರು. ಅವನು ಹೊರಬಂದದ್ದು 2022ರಲ್ಲಿ. ವಯಸ್ಸಾದ ತಂದೆ-ತಾಯಿ ಅಷ್ಟೂ ವರ್ಷ ಗಂಟೆಗಟ್ಟಲೆ ಪ್ರಯಾಣ ಮಾಡಿ ಮಗನನ್ನು ನೋಡಿ ಬರುತ್ತಿದ್ದರು. ಏನೂ ಮಾಡದವನ ಪಾಡೇ ಹೀಗಾದರೆ, ಹೆಸರಿನ ಪಕ್ಕ ಬೆಂಕಿಯೋ ಲೈಂಗಿಕ ಅಪರಾಧವೋ ಇರುವವನಿಗೆ ಯಾವ ಬೀದಿಯವರು ಮನೆ ಬಾಡಿಗೆಗೆ ಕೊಟ್ಟಾರು?

ಟ್ರಿಬ್ಯೂನಲ್ ಇದೆ. ಒಬ್ಬ ನ್ಯಾಯಾಧೀಶ, ಒಬ್ಬ ವೈದ್ಯ, ಒಬ್ಬ ಅನುಭವಿ ಸದಸ್ಯ. ಮೊದಲ ಕೆಲವು ತಿಂಗಳ ಬಳಿಕ ವರ್ಷಕ್ಕೊಮ್ಮೆ ಅರ್ಜಿ ಹಾಕಬಹುದು, ವಕೀಲರ ಖರ್ಚು ಸರ್ಕಾರದ್ದು. ಕೇಳದಿದ್ದರೂ ಮೂರು ವರ್ಷಕ್ಕೊಮ್ಮೆ ಪ್ರಕರಣ ಅಲ್ಲಿಗೆ ಹೋಗಲೇಬೇಕು. ವಾರ್ಡಿನ ಒಂದು ಕೋಣೆಯಲ್ಲೇ ಮೇಜಿನ ಸುತ್ತ ಕೂತು ವಿಚಾರಣೆ. ಟೈ ಕಟ್ಟಿಕೊಂಡು ಬರುವ ರೋಗಿಗಳಿದ್ದಾರೆ. ಬಿಡುಗಡೆಗೆ ತಕ್ಕವನು ಎಂದು ಟ್ರಿಬ್ಯೂನಲ್ ಹೇಳಬಹುದು. ಅವನಿಗೆ ಮನೆ ಕೊಡಿ ಎಂದು ಕೌನ್ಸಿಲ್‌ಗೆ ಅಪ್ಪಣೆ ಮಾಡುವ ಅಧಿಕಾರ ಅದಕ್ಕಿಲ್ಲ.

2024ರ ನವೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿಗೆ ಬಂದ ಮಸೂದೆ 1983ರ ಕಾಯ್ದೆಯನ್ನು ತಿದ್ದಲು ಹೊರಟಿತು. ಬೇರೆ ಮಾನಸಿಕ ಕಾಯಿಲೆ ಇಲ್ಲದೆ, ಬರೀ ಬೌದ್ಧಿಕ ನ್ಯೂನತೆ ಅಥವಾ ಆಟಿಸಂ ಇದೆ ಎಂಬ ಕಾರಣಕ್ಕೆ ಯಾರನ್ನೂ 3ನೇ ಸೆಕ್ಷನ್ನಿನಡಿ ದೀರ್ಘಕಾಲದ ಚಿಕಿತ್ಸೆಗೆಂದು ಹಿಡಿದಿಡುವಂತಿಲ್ಲ ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬೌದ್ಧಿಕ ನ್ಯೂನತೆಯನ್ನು ಮೊದಲೇ ಹೊರಗಿಟ್ಟಿದೆ. ಹಾಗೆಂದು ನಾವು ಮುಂದಿದ್ದೇವೆ ಎಂದು ಬೀಗುವಂತಿಲ್ಲ. ಇಲ್ಲಿ ಆ ಭಾರವನ್ನೆಲ್ಲ ಹೊತ್ತಿರುವುದು ಮನೆಯವರು, ಅದರಲ್ಲೂ ಅಮ್ಮಂದಿರು.

ಬ್ರಿಟನ್ನಿನ ಆ ತಿದ್ದುಪಡಿ ಕೋರ್ಟಿನ ಆದೇಶದಿಂದ ಒಳಗೆ ಬಂದವರಿಗೆ ಅನ್ವಯಿಸದು. ಸೆಕ್ಯೂರ್ ಯೂನಿಟ್‌ಗಳ ಬಹುಪಾಲು ಗಂಡಸರು ಅವರೇ. ಅವರ ಪಾಲಿಗೆ ಮಸೂದೆಯಲ್ಲಿದ್ದದ್ದು ಬೇರೊಂದು ಕಲಂ: ಸದಾ ಕಾವಲಿನ ಷರತ್ತು ಹಾಕಿ ಆಸ್ಪತ್ರೆಯಿಂದ ಹೊರಗೆ ಕಳಿಸುವ ಅಧಿಕಾರವನ್ನು ಕಾನೂನಿನಲ್ಲೇ ಬರೆಯುವುದು. ಅದನ್ನು ಕೆಲವರು ಬಿಡುಗಡೆಗೆ ತೆರೆದ ದಾರಿ ಎಂದರು, ಇನ್ನು ಕೆಲವರು ಬೀಗವನ್ನು ಆಸ್ಪತ್ರೆಯಿಂದ ಬಿಚ್ಚಿ ಬಾಡಿಗೆ ಮನೆಗೆ ಹಾಕಿದಂತೆ ಎಂದರು. ಕಾವಲಿಗೆ ಬೇಕಾದ ಸಿಬ್ಬಂದಿಯ ಸಂಬಳ ಆರೋಗ್ಯ ಸೇವೆ ಕೊಡಬೇಕೋ ಕೌನ್ಸಿಲ್ ಕೊಡಬೇಕೋ ಎಂಬ ಜಗ್ಗಾಟ ಎರಡೂ ಕಡೆಯವರಿಗೆ ಹಾಗೆಯೇ ಉಳಿಯುತ್ತದೆ.